ಕುಟುಂಬಸ್ಥನಾದ ಪರದೇಶೀಯನೂ ಮುದ್ರಾವಿಧಿಯೂ

ಬೆಂಗಳೂರಿನ ಪಶ್ಚಿಮಕ್ಕೆ, ಮೈಸೂರು ರಸ್ತೆಯ ಮಗ್ಗುಲಲ್ಲಿರುವ ಜ್ಞಾನಭಾರತಿಯು ವಿದ್ಯಾಸ್ಥಾನವೆಂದು ಪ್ರಸಿದ್ಧವಾದುದು. ೧೯೬೪ರಲ್ಲಿ ಸ್ಥಾಪಿತವಾದ ಬೆಂಗಳೂರು ವಿಶ್ವವಿದ್ಯಾನಿಲಯವು ೧೯೭೩ರಲ್ಲಿ ಈ ಆವರಣಕ್ಕೆ ಬಂದಿತು. ವಿದ್ಯಾಸ್ಥಾನವಿದ್ದಲ್ಲಿಗೆ ದೇಶಾಂತರದವರು ಬರುವುದು ಸಹಜ. ಬಂದವರಲ್ಲಿ ಕೆಲವರು ಸಂಬಂಧ ಬೆಳೆಸಿ ಕುಟುಂಬಸ್ಥರಾಗುವುದೂ ಸಹಜ. ಇಂತಹ ಪರದೇಶೀಯನೊಬ್ಬನು ಅಲ್ಲಿಯ ಒಂದು ಮನೆಯಲ್ಲಿ ಇಳಿದುಕೊಂಡನೆಂದರೆ, ಆ ಮನೆಯ ಯಜಮಾನನು ಇಪ್ಪತ್ತನಾಲ್ಕು ಗಂಟೆಗಳೊಳಗಾಗಿ ಆ ಸಂಗತಿಯನ್ನು ಸರಕಾರಕ್ಕೆ ತಿಳಿಸತಕ್ಕದ್ದೆಂದು ವಿಧಿಯುಂಟು. ಸಮುದ್ರದಾಚೆಯ ಥಾಯಿಲೆಂಡಿನಲ್ಲಿ, ಎಂದರೆ ೧೯೩೯ರವರೆಗೆ ಶ್ಯಾಮವೆಂದು ಹೆಸರಾಗಿದ್ದ ದೇಶದಲ್ಲಿ, ಥಾಯಿ ಸ್ತ್ರೀಯನ್ನು ಕೈಹಿಡಿದ ಕನ್ನಡಿಗನು ಹೆಂಡತಿಯ ಮನೆಯಲ್ಲಿ ತಂಗಿದರೂ ವಿಧಿಯು ಅದೇ, ಅವಧಿಯೂ ಅದೇ. ಅಳಿಯನಾದುದರಿಂದ ಅವನು ಪರದೇಶೀಯನಲ್ಲವೆಂದು ಆ ದೇಶದ ಕಾಯಿದೆಯು ಹೇಳುವುದಿಲ್ಲ.

ಬಂಧುತ್ವದಿಂದ ಪರದೇಶೀಯನಿಗೆ ಲಭಿಸುವುದು ಯಾವುದು, ಲಭಿಸದಿರುವುದು ಯಾವುದು ಎಂಬ ಪ್ರಶ್ನೆಯು ಇಲ್ಲಿ ವಿಚಾರಾರ್ಹವಾಗಿದೆ. ದೇಶದೊಳಕ್ಕೆ ಬರುವುದು ಒಂದು. ಬಂದಮೇಲೆ ನಿಲ್ಲುವುದು ಇನ್ನೊಂದು. ನಿಂತಮೇಲೆ ದುಡಿದು ಉಣ್ಣುವುದು ಮೂರನೆಯದು. ಆ ದೇಶದ ಪ್ರಜೆಯೇ ಆಗುವುದು ನಾಲ್ಕನೆಯದು. ಲೋಕವ್ಯವಹಾರದಲ್ಲಿ ಈ ನಾಲ್ಕೂ ಒಂದೇ ಎಂಬ ಭ್ರಾಂತಿಯುಂಟು. ಚರಿತ್ರೆಯನ್ನು ಪರಿಶೀಲಿಸಿದರೆ ಇವು ಬೇರೆ ಬೇರೆ ಕಾಲಗಳಲ್ಲಿ ಬೇರೆ ಬೇರೆ ಕಾರಣಗಳಿಂದ ಹುಟ್ಟಿ, ಒಂದರಿಂದೊಂದು ದೂರ ಸರಿದವೆಂಬುದು ಸ್ಪಷ್ಟವಾಗುತ್ತದೆ.

೧. ಮುದ್ರಾಧ್ಯಕ್ಷನ ಅಧಿಕಾರ

ಈ ವಿಷಯದಲ್ಲಿ ಅತ್ಯಂತ ಪ್ರಾಚೀನವೂ ವಿಶದವೂ ಆದ ಪ್ರಮಾಣವು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿರುವುದು. ಆ ಗ್ರಂಥದ ತಾಳೆಯೋಲೆಯ ಪ್ರತಿಯು ಮೈಸೂರಿನ ಪ್ರಾಚ್ಯಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ದೃಷ್ಟಿಗೆ ೧೯೦೫ರಲ್ಲಿ ಬಿದ್ದು, ೧೯೦೯ರಲ್ಲಿ ಮುದ್ರಿತವಾಯಿತೆಂಬುದು ಕನ್ನಡನಾಡಿಗೆ ಹೆಮ್ಮೆಯ ಸಂಗತಿ. ಅದರ ಎರಡನೆಯ ಅಧಿಕರಣದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯವು ವಿಧಿಸಲ್ಪಟ್ಟಿದೆ. ಅವನು ಒಂದು ಮಾಷಕವನ್ನು ತೆಗೆದುಕೊಂಡು ಮುದ್ರೆಯನ್ನು ಕೊಡಬೇಕು. ಮುದ್ರೆಯುಳ್ಳವನಿಗೆ ಮಾತ್ರ ಜನಪದವನ್ನು ಹೊಗುವುದಕ್ಕಾಗಲಿ ಬಿಡುವುದಕ್ಕಾಗಲಿ ಅವಕಾಶ. ಮುದ್ರೆಯಿಲ್ಲದ ಜನಪದವಾಸಿಗೆ ಹನ್ನೆರಡು ಪಣ ದಂಡ. ಕೃತ್ರಿಮಮುದ್ರೆಯನ್ನು ತೋರಿಸಿದ ಸ್ವದೇಶೀಯನಿಗೆ ಪ್ರಥಮಸಾಹಸದಂಡ. ಅದನ್ನೇ ಪರಜನಪದದವನು ಮಾಡಿದರೆ ಉತ್ತಮಸಾಹಸದಂಡ.

ಇಲ್ಲಿ ಎರಡು ಅಂಶಗಳು ಗಮನಾರ್ಹವಾದುವು. ಮೊದಲನೆಯದು, ಮುದ್ರೆಯು ಸ್ವದೇಶೀಯನಿಗೂ ಬೇಕಾಗಿದ್ದಿತು. ಪರದೇಶೀಯನಿಗೆ ಹೆಚ್ಚಾಗಿದ್ದುದು ದಂಡವೇ ಹೊರತು ಮುದ್ರೆಯಲ್ಲ. ಎರಡನೆಯದು, ಮುದ್ರೆಯನ್ನು ಕೊಡುವವನೊಬ್ಬ, ನೋಡುವವನೊಬ್ಬ. ಗೋಮಾಳಗಳ ಮೇಲ್ವಿಚಾರಕನಾದ ವಿವೀತಾಧ್ಯಕ್ಷನು ದಾರಿಯಲ್ಲಿ ಮುದ್ರೆಯನ್ನು ನೋಡಬೇಕೆಂದು ಕೌಟಿಲ್ಯನ ವಿಧಿ. ಇಂದಿನ 'ವೀಸಾ' ಎಂಬ ಶಬ್ದವು ಲ್ಯಾಟಿನ್ ಭಾಷೆಯ 'ನೋಡಲ್ಪಟ್ಟುದು' ಎಂಬರ್ಥದ ಪದದಿಂದ ಬಂದುದು. ಥಾಯಿ ಭಾಷೆಯಲ್ಲಿ ವೀಸಾಕ್ಕಿರುವ ಹೆಸರಿಗೆ 'ಪರೀಕ್ಷಿಸಿ ಮುದ್ರೆಯೊತ್ತುವುದು' ಎಂದೇ ಅರ್ಥ. ಮೂರು ದೇಶಗಳ ಮಾತುಗಳೂ ಒಂದೇ ಕ್ರಿಯೆಯನ್ನು ನಿರ್ದೇಶಿಸುತ್ತಿರುವುದು ಸ್ವಾರಸ್ಯವಾಗಿದೆ.

ನಾಗರಿಕನೆಂಬ ಪುರಾಧಿಕಾರಿಯ ಪ್ರಕರಣದಲ್ಲಿ, ಮನೆಗೆ ಬಂದವರನ್ನೂ ಮನೆಯಿಂದ ಹೊರಟವರನ್ನೂ ಗೃಹಸ್ಥನು ತಿಳಿಸಬೇಕು, ಇಲ್ಲವಾದರೆ ಆ ರಾತ್ರಿ ನಡೆದ ಅಪರಾಧದಲ್ಲಿ ಅವನು ಪಾಲುಗಾರನಾಗುವನು ಎಂದಿದೆ. ಏನೂ ನಡೆಯದ ರಾತ್ರಿಗೂ ಮೂರು ಪಣ ದಂಡವುಂಟು. ಭಾರತದಲ್ಲಿ ಬಹುಕಾಲ 'ಸಿ' ನಮೂನೆಯೆಂದೂ, ಥಾಯಿಲೆಂಡಿನಲ್ಲಿ ೧೯೭೯ರ ವಲಸೆಕಾಯಿದೆಯ ೩೮ನೆಯ ಪ್ರಕರಣವೆಂದೂ ನಡೆಯುತ್ತಿರುವ ನಿಬಂಧನೆಯ ಪೂರ್ವರೂಪವು ಇದೇ. ಆದರೆ ಒಂದು ಭೇದವನ್ನು ಮರೆಯಬಾರದು. ಮುದ್ರಾಧ್ಯಕ್ಷನ ಪ್ರಕರಣದಲ್ಲಿ ವೃತ್ತಿಗಾಗಿ ಪ್ರತ್ಯೇಕ ಮುದ್ರೆಯಿಲ್ಲ. ಪಣ್ಯಾಧ್ಯಕ್ಷನ ಪ್ರಕರಣವಾದರೋ ಪರದೇಶದ ಸರಕನ್ನು ತರುವವರಿಗೆ ಅನುಗ್ರಹ ತೋರಬೇಕೆಂದೂ, ಸ್ಥಳೀಯ ಪಾಲುಗಾರರಾದವರನ್ನುಳಿದು ಅಂತಹ ಆಗಂತುಕರ ಮೇಲೆ ಸಾಲದ ವ್ಯಾಜ್ಯ ಹೂಡಗೊಡಬಾರದೆಂದೂ ವಿಧಿಸುತ್ತದೆ. ಒಳಗೆ ಬರಲು ಅನುಮತಿ ಪಡೆದ ವರ್ತಕನು ವ್ಯಾಪಾರಮಾಡಲು ಮತ್ತೊಮ್ಮೆ ಅನುಮತಿ ಬೇಡಬೇಕಾಗಿರಲಿಲ್ಲ.

೨. ಸಂಘವೇ ಹೊಣೆ

ಮಧ್ಯಯುಗದ ಕರ್ಣಾಟಕದಲ್ಲಿ ಪರದೇಶೀಯನಿಗೆ ಆಶ್ರಯವಾಗಿದ್ದುದು ಪತ್ರಕ್ಕಿಂತ ಹೆಚ್ಚಾಗಿ ವರ್ತಕಸಂಘವು. ಅಯ್ಯಾವೊಳೆಯ, ಎಂದರೆ ಇಂದಿನ ಐಹೊಳೆಯ, ಐನೂರ್ವರ ಹೆಸರು ಈ ನಾಡಿನ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಬಣಂಜುಧರ್ಮವನ್ನು ಪಾಲಿಸುವವರೆಂದೂ ಉಭಯನಾನಾದೇಶಿಗಳೆಂದೂ ಇವರನ್ನು ಶಾಸನಗಳು ವರ್ಣಿಸುತ್ತವೆ. ಶಿಕಾರಿಪುರ ಪ್ರಾಂತದ ಹನ್ನೊಂದನೆಯ ಶತಮಾನದ ಒಂದು ಪ್ರಶಸ್ತಿಯು ಇವರು ತಿರುಗಿದ ದೇಶಗಳನ್ನೆಣಿಸುತ್ತ ಚೇರ ಚೋಳ ಪಾಂಡ್ಯಗಳಿಂದ ಮಗಧ, ಸೌರಾಷ್ಟ್ರ, ಕಾಂಭೋಜ, ಪಾರಸ, ನೇಪಾಳಗಳವರೆಗೆ ಹೋಗುತ್ತದೆ. ಪ್ರಶಸ್ತಿಯಾದುದರಿಂದ ಇದರಲ್ಲಿ ಅತಿಶಯವಿರಬಹುದು. ಆದರೂ ಸಮುದ್ರಾಂತರದಲ್ಲಿ ಈ ಸಂಘಗಳಿದ್ದುದಕ್ಕೆ ಶಿಲಾಪ್ರಮಾಣವುಂಟು. ಸುಮಾತ್ರಾ ದ್ವೀಪದ ಬಾರೂಸಿನಲ್ಲಿ ದೊರೆತ ೧೦೮೮ರ ತಮಿಳು ಶಾಸನದಲ್ಲಿ ಐನೂರ್ವರ ಉಲ್ಲೇಖವಿದೆ. ಇಂದಿನ ಥಾಯಿಲೆಂಡಿನ ಪಶ್ಚಿಮ ಕರಾವಳಿಯ ತಕುಆ ಪಾ ಎಂಬಲ್ಲಿ ಸಿಕ್ಕಿದ ಒಂಬತ್ತನೆಯ ಶತಮಾನದ ತಮಿಳು ಶಾಸನವು, ಅವನಿನಾರಣವೆಂಬ ಕೆರೆಯನ್ನು ತೋಡಿಸಿ ಅದನ್ನು ಮಣಿಗ್ರಾಮವೆಂಬ ವರ್ತಕಸಂಘವೇ ಮೊದಲಾದವರ ರಕ್ಷಣೆಗೆ ಒಪ್ಪಿಸಿದುದನ್ನು ಹೇಳುತ್ತದೆ.

ಪರದೇಶದಲ್ಲಿ ಕೆರೆಯನ್ನು ತೋಡಿಸುವವನು ನಾಳೆ ಹೊರಟುಹೋಗುವವನಲ್ಲ. ಅಲ್ಲಿ ನೆಲೆನಿಲ್ಲುವ ಇಚ್ಛೆಯೂ ಅದಕ್ಕೆ ಒಡೆಯನ ಸಮ್ಮತಿಯೂ ಇದ್ದಿರಲೇಬೇಕು. ಆ ಸಮ್ಮತಿಯು ಒಬ್ಬೊಬ್ಬ ವ್ಯಕ್ತಿಗೆ ಬರೆದುಕೊಟ್ಟುದೆಂದು ಶಾಸನವು ಹೇಳುವುದಿಲ್ಲ. ಕಾಣುವುದು ಸಂಘದ ಹೆಸರು. ಇದರಿಂದ, ವ್ಯಕ್ತಿಯ ನಡತೆಗೆ ಸಂಘವೇ ಹೊಣೆಯಾಗಿದ್ದಿತೆಂದು ಊಹಿಸುವುದು ಯುಕ್ತವಾಗಿದೆ.

೩. ಕಾಂಟಿಯ ದೃಷ್ಟಾಂತ

ಸಂಘವಿಲ್ಲದೆ ಹೆಂಡತಿಮಕ್ಕಳೊಡನೆ ಸಂಚರಿಸಿದ ಒಬ್ಬನ ಕಥೆಯು ಇದಕ್ಕೆ ಪ್ರತಿದೃಷ್ಟಾಂತವಾಗಿದೆ. ವೆನಿಸ್ ಪ್ರಾಂತದ ನಿಕೊಲೊ ಕಾಂಟಿಯು ೧೪೨೦ರ ಸುಮಾರಿನಲ್ಲಿ ವಿಜಯನಗರವನ್ನು ಕಂಡನು. ಆ ಪಟ್ಟಣವನ್ನು ವರ್ಣಿಸಿದ ಐರೋಪ್ಯರಲ್ಲಿ ಇವನೇ ಮೊದಲಿಗನು. ಮುಂದೆ ಅವನು ಸುಮಾತ್ರಾ, ತೆನಾಸರಿಮ್, ಬರ್ಮಾದೇಶಗಳಲ್ಲಿ ಸಂಚರಿಸಿದನು. ಪೂರ್ವದೇಶದಲ್ಲಿ ಕೈಹಿಡಿದ ಹೆಂಡತಿಯೂ ನಾಲ್ವರು ಮಕ್ಕಳೂ ಅವನೊಡನಿದ್ದರು. ಸ್ವದೇಶಕ್ಕೆ ಹಿಂದಿರುಗುವ ದಾರಿಯಲ್ಲಿ ಪರಮತದ ರಾಜ್ಯವನ್ನು ದಾಟಬೇಕಾಗಿ ಬಂದಾಗ, ಅವರ ಪ್ರಾಣಕ್ಕೆ ಅಂಜಿ ತನ್ನ ಮತವನ್ನೇ ತ್ಯಜಿಸಿದನು. ಹಾಗೆ ಉಳಿಸಿಕೊಂಡವರಲ್ಲಿ ಹೆಂಡತಿಯೂ ಇಬ್ಬರು ಮಕ್ಕಳೂ ಈಜಿಪ್ಟಿನಲ್ಲಿ ಮಾರಿಬೇನೆಗೆ ತುತ್ತಾದರು. ಮತತ್ಯಾಗಕ್ಕಾಗಿ ಪೋಪ್ ನಾಲ್ಕನೆಯ ಯುಜೀನನಲ್ಲಿ ಕ್ಷಮೆ ಬೇಡಿದಾಗ, ಪ್ರಾಯಶ್ಚಿತ್ತವಾಗಿ ಪ್ರವಾಸವೃತ್ತಾಂತವನ್ನು ಪೋಜಿಯೋ ಎಂಬ ಕಾರ್ಯದರ್ಶಿಗೆ ಹೇಳಬೇಕಾಯಿತು. ವಿಜಯನಗರದ ಇತಿಹಾಸಕಾರರು ಆಧರಿಸುವ ಒಂದು ಮುಖ್ಯ ಗ್ರಂಥವು ಹೀಗೆ ಹುಟ್ಟಿತು.

ಒಂಟಿಯಾಗಿ ನಡೆಯುವವನಿಗಿಂತ ಕುಟುಂಬದೊಡನೆ ನಡೆಯುವವನಿಗೆ ಅಧಿಕಾರಿಯ ಎದುರಿನಲ್ಲಿ ಭಯವು ಹೆಚ್ಚು. ಒಂಟಿಯಾದವನಿಗೆ ದಾರಿ ಕಟ್ಟಿದರೆ ಹಿಂದಿರುಗುತ್ತಾನೆ. ಕುಟುಂಬಿಯಾದವನಿಗೆ ಹಿಂದಿರುಗುವುದೆಂದರೆ ಯಾರನ್ನೋ ಬಿಟ್ಟುಹೋಗುವುದು. ಈ ವಿಷಯದಲ್ಲಿ ಆರು ನೂರು ವರ್ಷಗಳಿಂದ ಏನೂ ಬದಲಾಗಿಲ್ಲ.

೪. ಶ್ಯಾಮದೇಶದ ಅಳಿಯಂದಿರು

ಅಯೋಧ್ಯಾನಗರದ ಹೆಸರನ್ನೇ ಹೊತ್ತ ಶ್ಯಾಮದ ರಾಜಧಾನಿ ಅಯುತ್ಥಯಾದಲ್ಲಿ ಪರದೇಶೀಯರು ಜನಾಂಗವಾರಾಗಿ ಪಾಳೆಯಗಳಲ್ಲಿದ್ದು ತಮ್ಮ ತಮ್ಮ ಮುಖಂಡರ ಮೂಲಕ ರಾಜನಿಗೆ ಉತ್ತರವಾದಿಗಳಾಗಿದ್ದರು. ಹದಿನೇಳನೆಯ ಶತಮಾನದ ಆದಿಯಲ್ಲಿ ಪಾರಸದ ಕೋಮ್ ಪಟ್ಟಣದಿಂದ ಶೇಖ್ ಅಹಮದನೆಂಬ ವರ್ತಕನು ಅಲ್ಲಿಗೆ ಬಂದು, ಥಾಯಿ ಸ್ತ್ರೀಯನ್ನು ವಿವಾಹವಾಗಿ, ಪಶ್ಚಿಮದೇಶಗಳ ವರ್ತಕರನ್ನು ನೋಡಿಕೊಳ್ಳುವ ಬಂದರು ಇಲಾಖೆಯ ಮುಖ್ಯಸ್ಥನಾದನು. ಆ ದೇಶದ ಮುಸಲ್ಮಾನರ ಮುಖಂಡನಿಗೆ ಇಂದಿಗೂ ಸಲ್ಲುವ ಚುಲಾರಾಜಮಂತ್ರಿಯೆಂಬ ಪದವಿಯನ್ನು ಮೊದಲು ಪಡೆದವನು ಅವನೇ. ಅವನ ಸಂತತಿಯೇ ಬುನ್ನಾಗ್ ಎಂಬ ಪ್ರಸಿದ್ಧ ಮನೆತನ. ಅಲ್ಲಿ ವಿವಾಹ, ವಾಸ, ವೃತ್ತಿ, ಅಧಿಕಾರ ಇವೆಲ್ಲವೂ ಒಂದೇ ಎಳೆಯಲ್ಲಿ ಪೋಣಿಸಲ್ಪಟ್ಟಿದ್ದುವು.

೧೮೫೫ರಲ್ಲಿ ಇಂಗ್ಲೆಂಡಿನ ಪರವಾಗಿ ಜಾನ್ ಬೌರಿಂಗನು ಶ್ಯಾಮದೊಡನೆ ಒಪ್ಪಂದ ಮಾಡಿಕೊಂಡಾಗ, ರಾಜನ ಪ್ರತಿನಿಧಿಗಳಾಗಿದ್ದವರಲ್ಲಿ ಹೆಚ್ಚಿನವರು ಈ ಬುನ್ನಾಗ್ ಮನೆತನದವರು. ಪರದೇಶೀಯನ ವಂಶಜರೇ ಪರದೇಶೀಯರ ವಾಸಕ್ಕೆ ಎಲ್ಲೆ ಕಟ್ಟಿದುದು ಚರಿತ್ರೆಯ ವಿನೋದವೆನ್ನಬಹುದು. ಆ ಒಪ್ಪಂದದಂತೆ ಶ್ಯಾಮದಲ್ಲಿ ವಾಸಮಾಡುವ ಬ್ರಿಟಿಷ್ ಪ್ರಜೆಗಳು, ಎಂದರೆ ಭಾರತದಿಂದ ಹೋದವರೂ ಸಹ, ಬ್ರಿಟಿಷ್ ಕಾನ್ಸಲನ ಕಚೇರಿಯಲ್ಲಿ ಹೆಸರು ಬರೆಯಿಸಿಕೊಳ್ಳಬೇಕು. ಒಳನಾಡಿಗೆ ಹೋಗಲು ಕಾನ್ಸಲನು ಕೊಟ್ಟು ಶ್ಯಾಮದ ಅಧಿಕಾರಿಯು ಮೇಲುಸಹಿ ಮಾಡಿದ ರಹದಾರಿ ಬೇಕು. ರಹದಾರಿಯೆಂಬುದು ಪಾರಸೀ ಶಬ್ದ. 'ರಾಹ್' ಎಂದರೆ ದಾರಿ. ಕನ್ನಡದಲ್ಲಿ ಅದು ಸರಕಾರದ ಯಾವ ಅನುಮತಿಪತ್ರಕ್ಕಾದರೂ ಸಲ್ಲುವಷ್ಟು ರೂಢಿಯಾಗಿದೆ. ಮುಂದೆ ೧೯೨೭ರಲ್ಲಿ ಶ್ಯಾಮವು ತನ್ನ ಮೊದಲನೆಯ ವಲಸೆಕಾಯಿದೆಯನ್ನು ಮಾಡಿತು. ಪಾಳೆಯದ ಮುಖಂಡನ ಸ್ಥಾನದಲ್ಲಿ ಪತ್ರವು ನಿಂತಿತು.

೫. ಯುದ್ಧದಿಂದ ಹುಟ್ಟಿದ ಕಾಯಿದೆಗಳು

ಭಾರತದಲ್ಲಿ ಪರದೇಶೀಯರ ಕಾಯಿದೆಯು ೧೮೬೪ರಷ್ಟು ಹಿಂದಿನದು. ಆದರೆ ಅದು ಕಟುವಾದುದು ಯುದ್ಧದ ಕಾಲದಲ್ಲಿ. ಇದರ ಪೆಟ್ಟು ಕರ್ಣಾಟಕಕ್ಕೆ ತಗುಲಿದುದು ಮಂಗಳೂರಿನಲ್ಲಿ. ೧೮೩೪ರಿಂದ ಅಲ್ಲಿ ನೆಲೆಸಿದ್ದ ಬಾಸೆಲ್ ಮಿಶನ್ನಿನವರು ಮುದ್ರಣಾಲಯ, ಹೆಂಚಿನ ಕಾರ್ಖಾನೆ, ನೇಯ್ಗೆಯ ಕಾರ್ಖಾನೆಗಳನ್ನು ನಡೆಸಿದ್ದರು. ೧೮೫೩ರಲ್ಲಿ ಬಂದ ಕಿಟ್ಟೆಲರು ೧೮೯೪ರಲ್ಲಿ ಕನ್ನಡ ನಿಘಂಟನ್ನು ಪ್ರಕಟಿಸಿದುದು ಆ ಮಿಶನ್ನಿನ ಆಶ್ರಯದಲ್ಲಿಯೇ. ಅಷ್ಟಾದರೂ ೧೯೧೪ರಲ್ಲಿ ಯುದ್ಧವು ಹೊತ್ತಿಕೊಂಡಾಗ ಅವರಲ್ಲಿನ ಜರ್ಮನರು ಶತ್ರುಪ್ರಜೆಗಳಾದರು. ಹಲವರು ಅಹಮದನಗರದ ಶಿಬಿರಕ್ಕೆ ಒಯ್ಯಲ್ಪಟ್ಟರು. ಕಾರ್ಖಾನೆಗಳು ಸರಕಾರದ ವಶವಾಗಿ ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟಿಗೆ ಸಂದುವು. ಎಂಬತ್ತು ವರ್ಷಗಳ ಸೇವೆಯಾಗಲಿ ನಾಡಿನ ಭಾಷೆಗೆ ಮಾಡಿದ ಉಪಕಾರವಾಗಲಿ ಹುಟ್ಟಿದ ದೇಶದ ಗುರುತನ್ನು ಅಳಿಸಲಿಲ್ಲ.

ಯುದ್ಧಾನಂತರ ೧೯೨೦ರಲ್ಲಿ ಪಾಸ್‌ಪೋರ್ಟಿನ ಕಾಯಿದೆ, ಮತ್ತೊಂದು ಯುದ್ಧದ ಹೊಸ್ತಿಲಲ್ಲಿ ೧೯೩೯ರಲ್ಲಿ ಪರದೇಶೀಯರ ನೋಂದಣಿಯ ಕಾಯಿದೆ, ೧೯೪೬ರಲ್ಲಿ ಪರದೇಶೀಯರ ಕಾಯಿದೆ ಇವು ಬಂದುವು. ಸ್ವತಂತ್ರಭಾರತವು ಈ ಮೂರನ್ನೂ ಬಹುಕಾಲ ಉಳಿಸಿಕೊಂಡಿತು. ಇವುಗಳ ಸ್ಥಾನದಲ್ಲಿ ೨೦೨೫ರ ಹೊಸ ಕಾಯಿದೆಯು ಆ ವರ್ಷದ ಸೆಪ್ಟೆಂಬರ್ ೧ರಿಂದ ನಡೆಯತೊಡಗಿತು. ಭಯದ ಕಾಲದಲ್ಲಿ ಬರೆದ ವಿಧಿಯು ಶಾಂತಿಯ ಕಾಲದಲ್ಲಿಯೂ ನಿಂತಿತೆಂಬುದು ಇದರ ತಾತ್ಪರ್ಯ.

೬. ಭಾರ್ಯೆಯ ಗತಿ, ಪತಿಯ ಗತಿ

ವಿವಾಹದಿಂದ ಪ್ರಜಾತ್ವವು ಹೇಗೆ ಬದಲಾಗುತ್ತದೆಂಬ ವಿಷಯದಲ್ಲಿ ಪೂರ್ವಪಶ್ಚಿಮಗಳೆರಡೂ ಒಂದು ಮತವನ್ನೇ ಹಿಡಿದಿದ್ದುವು. ಸಪ್ತಪದಿಯಾದಮೇಲೆ ಕನ್ಯೆಯು ಪತಿಯ ಗೋತ್ರವನ್ನು ಸೇರುವಳೆಂಬುದು ಧರ್ಮಶಾಸ್ತ್ರಪ್ರಸಿದ್ಧ. ಶ್ಯಾಮದ ೧೯೧೩ರ ಪ್ರಜಾತ್ವದ ಕಾಯಿದೆಯು ಥಾಯಿಯನ್ನು ವರಿಸಿದ ಪರದೇಶದ ಸ್ತ್ರೀಯನ್ನು ಥಾಯಿಯೆಂದೇ ಎಣಿಸಿತು. ಮರುವರ್ಷದ ಬ್ರಿಟಿಷ್ ಕಾಯಿದೆಯೂ ಬ್ರಿಟಿಷ್ ಪ್ರಜೆಯ ಹೆಂಡತಿಯನ್ನು ಬ್ರಿಟಿಷ್ ಪ್ರಜೆಯೆಂದಿತು. ಆದರೆ ಥಾಯಿ ಸ್ತ್ರೀಯನ್ನು ವರಿಸಿದ ಪರದೇಶದ ಪುರುಷನಿಗೆ ಈ ಅನುಗ್ರಹವಿಲ್ಲ. ಹೆಣ್ಣು ಹೊಕ್ಕ ಮನೆಯವಳಾಗುವಳು, ಗಂಡು ಹೊಕ್ಕ ಮನೆಗೆ ಅತಿಥಿಯಾಗಿಯೇ ಉಳಿಯುವನು ಎಂಬ ಭಾವನೆಯೇ ಇದಕ್ಕೆ ಮೂಲ.

ಭಾರತದ ೧೯೫೫ರ ಪೌರತ್ವಕಾಯಿದೆಯಲ್ಲಿಯೂ ಭಾರತೀಯನನ್ನು ವರಿಸಿದ ಸ್ತ್ರೀಯರಿಗೆ ಮಾತ್ರ ನೋಂದಣಿಯ ಮಾರ್ಗವನ್ನು ತೆರೆದಿದ್ದರು. ೧೯೮೬ರ ತಿದ್ದುಪಾಟಿನಿಂದ 'ಸ್ತ್ರೀಯರು' ಎಂಬ ಪದವು ಹೋಗಿ 'ವ್ಯಕ್ತಿಗಳು' ಎಂಬ ಪದವು ಬಂದಿತು. ಜೊತೆಗೆ ವಾಸದ ಅವಧಿಯೂ ಬೆಳೆದು ಈಗ ಏಳು ವರ್ಷಗಳಾಗಿದೆ. ಮಕ್ಕಳ ವಿಷಯದಲ್ಲಿಯೂ ತಂದೆಯೇ ಪ್ರಮಾಣವಾಗಿದ್ದನು. ಹೊರದೇಶದಲ್ಲಿ ಭಾರತೀಯ ತಾಯಿಗೆ ಹುಟ್ಟಿದ ಮಗುವಿಗೆ ತಾಯಿಯಿಂದ ಪೌರತ್ವವು ಬರುವಂತಾದುದು ೧೯೯೨ರ ತಿದ್ದುಪಾಟಿನಿಂದ. ಪರದೇಶೀಯ ಪತಿಯುಳ್ಳ ಥಾಯಿ ತಾಯಿಗೆ ತಂದೆಯ ಸಮಾನವಾಗಿ ಮಕ್ಕಳಿಗೆ ಪ್ರಜಾತ್ವವನ್ನು ಕೊಡುವ ಹಕ್ಕು ಬಂದುದೂ ೧೯೯೨ರಲ್ಲಿಯೇ. ಎರಡು ದೇಶಗಳಲ್ಲಿ ಒಂದೇ ವರ್ಷ ತಾಯಿಯು ವಂಶಕರ್ತೃವೆಂದು ಅಂಗೀಕೃತಳಾದಳು. ಇದರ ಫಲವಾಗಿ ಮನೆಯಲ್ಲಿ ಹೆಂಡತಿಯೂ ಮಕ್ಕಳೂ ಪ್ರಜೆಗಳು, ತಂದೆಯೊಬ್ಬನು ಪರದೇಶೀಯನು ಎಂಬ ಸ್ಥಿತಿಯು ಒದಗಿತು. ಥಾಯಿ ಪತ್ನಿಯುಳ್ಳವನು ಪ್ರಜಾತ್ವವನ್ನು ಬೇಡಲು ಇದ್ದ ಕೆಲವು ನಿರ್ಬಂಧಗಳನ್ನು ೨೦೦೮ರಲ್ಲಿ ಸಡಿಲಿಸಿದರು. ಆದರೂ ಅದು ತಾನಾಗಿ ಲಭಿಸುವುದಲ್ಲ.

೭. ವೃತ್ತಿಯ ಅನುಜ್ಞೆ

ವಾಸದಿಂದ ವೃತ್ತಿಯನ್ನು ಕತ್ತರಿಸಿದುದು ಈ ಚರಿತ್ರೆಯಲ್ಲಿ ಅತ್ಯಂತ ಅರ್ವಾಚೀನವಾದ ಸಂಗತಿ. ಥಾಯಿಲೆಂಡಿನಲ್ಲಿ ೧೯೭೨ನೆಯ ಇಸವಿ ಡಿಸೆಂಬರ್ ೧೩ರಂದು ಸೇನಾಧಿಕಾರಿಗಳ ಆಳ್ವಿಕೆಯು ಹೊರಡಿಸಿದ ೩೨೨ನೆಯ ಪ್ರಕಟನೆಯು, ಪರದೇಶೀಯನು ಕೆಲಸಮಾಡಬೇಕಾದರೆ ಪ್ರತ್ಯೇಕ ಪತ್ರವನ್ನು ಪಡೆಯಬೇಕೆಂದಿತು. ಇದು ೧೯೭೮ರಲ್ಲಿ ಕಾಯಿದೆಯಾಗಿ, ೨೦೦೮ರಲ್ಲಿಯೂ ೨೦೧೭ರಲ್ಲಿಯೂ ಹೊಸದಾಗಿ ಬರೆಯಲ್ಪಟ್ಟಿತು. ೧೯೭೯ರ ರಾಜಾಜ್ಞೆಯು ೩೯ ವೃತ್ತಿಗಳನ್ನು ಪರದೇಶೀಯರಿಗೆ ನಿಷೇಧಿಸಿತು. ಕೈಮಗ್ಗದ ನೇಯ್ಗೆ, ಕ್ಷೌರ, ಬೀದಿಯ ವ್ಯಾಪಾರ, ಪ್ರವಾಸಿಗಳಿಗೆ ದಾರಿ ತೋರಿಸುವುದು, ಬುದ್ಧವಿಗ್ರಹಗಳನ್ನೂ ಭಿಕ್ಷುಗಳ ಭಿಕ್ಷಾಪಾತ್ರೆಗಳನ್ನೂ ಮಾಡುವುದು, ಥಾಯಿ ಅಕ್ಷರದ ಮೊಳೆಗಳನ್ನು ಕೈಯಿಂದ ಜೋಡಿಸುವುದು ಇವು ಆ ಪಟ್ಟಿಯಲ್ಲಿದ್ದುವು.

ಈ ಪತ್ರದ ಥಾಯಿ ಹೆಸರಿನಲ್ಲಿರುವ 'ಅನುಯಾತ್' ಎಂಬುದು ಸಂಸ್ಕೃತದ 'ಅನುಜ್ಞಾತ' ಶಬ್ದವೇ. ಅರ್ಜಿಯಲ್ಲಿ ಪತಿಯು 'ಸಾಮೀ', ಎಂದರೆ ಸ್ವಾಮಿ. ಪತ್ನಿಯು 'ಫನ್ರಯಾ', ಎಂದರೆ ಭಾರ್ಯಾ. ವಿವಾಹಕ್ಕಿರುವ ಪದವು 'ಸಮರಸ' ಎಂಬ ಅಕ್ಷರಗಳಿಂದಲೇ ಬರೆಯಲ್ಪಡುತ್ತದೆ. ಸಂಸ್ಕೃತವನ್ನು ಬಲ್ಲ ಕನ್ನಡಿಗನಿಗೆ ಆ ಅರ್ಜಿಯಲ್ಲಿ ಪರಿಚಿತವಾದ ಮಾತುಗಳೇ ಕಾಣುವುವು, ಪರಿಚಯವಿಲ್ಲದವನು ಅವನೊಬ್ಬನೇ.

ಥಾಯಿ ಪತ್ನಿಯ ಆಧಾರದಿಂದ ಒಂದು ವರ್ಷದ ವಾಸಾನುಮತಿಯನ್ನು ಬೇಡುವವನು ತಿಂಗಳಿಗೆ ೪೦,೦೦೦ ಬಾತ್ ವರಮಾನವನ್ನಾಗಲಿ, ಬ್ಯಾಂಕಿನಲ್ಲಿ ೪,೦೦,೦೦೦ ಬಾತ್ ಠೇವಣಿಯನ್ನಾಗಲಿ ತೋರಿಸಬೇಕೆಂಬ ನಿಯಮವಿದೆ. ತೊಂಬತ್ತು ದಿನಗಳಿಗೊಮ್ಮೆ ತಾನಿರುವ ವಿಳಾಸವನ್ನು ತಿಳಿಸಬೇಕು. ಮರುಪ್ರವೇಶದ ಅನುಮತಿಯನ್ನು ಮೊದಲೇ ಪಡೆಯದೆ ಗಡಿ ದಾಟಿದರೆ ವಾಸಾನುಮತಿಯು ಬಿದ್ದುಹೋಗುವುದು; ಊರಿನಲ್ಲಿ ತಂದೆತಾಯಿಗಳಿಗೆ ಕಾಯಿಲೆಯೆಂದು ಅವಸರದಿಂದ ಹೊರಟವನಿಗೂ ಇದು ತಪ್ಪದು. ಇಷ್ಟೆಲ್ಲ ನಡೆದರೂ ಅವನಿಗೆ ಲಭಿಸುವುದು ವಾಸ ಮಾತ್ರ. ಮಾವನ ಮನೆಯವರ ಅಂಗಡಿಯಲ್ಲಿ ತಕ್ಕಡಿ ಹಿಡಿಯುವುದಕ್ಕೂ ಬೇರೆ ಅನುಜ್ಞೆಯ ಪ್ರಶ್ನೆ ಬರುವುದು.

ಇನ್ನು ಭಾರತದ ಕಡೆಯನ್ನು ನೋಡಿದರೆ, ಥಾಯಿ ಸ್ತ್ರೀಯು ಕನ್ನಡಿಗನನ್ನು ವರಿಸಿ ಜ್ಞಾನಭಾರತಿಯ ಬಳಿ ಸಂಸಾರ ಹೂಡಿದಳೆಂದು ಭಾವಿಸೋಣ. ದೀರ್ಘಾವಧಿಯ ವೀಸಾದಿಂದ ಬಂದವಳು ಹದಿನಾಲ್ಕು ದಿನಗಳೊಳಗೆ ನೋಂದಾಯಿಸಿಕೊಳ್ಳಬೇಕು. ೨೦೧೮ರಿಂದ ಈ ಕಾರ್ಯವು ಬಹುಮಟ್ಟಿಗೆ ಗಣಕಯಂತ್ರದ ಮೂಲಕ ನಡೆಯುತ್ತಿದೆ. ಉದ್ಯೋಗಕ್ಕಾಗಿಯೇ ಬರುವವರ ವೀಸಾ ಬೇರೆ. ಈ ಶತಮಾನದ ಎರಡನೆಯ ದಶಕದಲ್ಲಿ ಅದಕ್ಕೆ ವರ್ಷಕ್ಕೆ ೧೬.೨೫ ಲಕ್ಷ ರೂಪಾಯಿಗಳ ಸಂಬಳದ ಮಿತಿಯನ್ನು ವಿಧಿಸಿ, ಭಾಷಾಬೋಧಕರಿಗೂ ತಮ್ಮ ದೇಶದ ಅಡುಗೆಯನ್ನು ಮಾಡುವ ಬಾಣಸಿಗರಿಗೂ ವಿನಾಯಿತಿ ಕೊಟ್ಟಿದ್ದರು. ವಿವಾಹವು ನೋಂದಣಿಯಾಗಿ ಎರಡು ವರ್ಷ ಅವಿಚ್ಛಿನ್ನವಾಗಿ ನಡೆದಮೇಲೆ ಸಾಗರೋತ್ತರ ಪೌರನೆಂಬ ಗುರುತನ್ನು ಬೇಡಬಹುದು. ಅದನ್ನು ಪಡೆದವರಿಗೆ ವಾಸವೂ ಸಾಮಾನ್ಯವಾದ ಉದ್ಯೋಗಗಳೂ ತೆರೆಯುವುವು. ಮತದಾನವೂ ಬೇಸಾಯದ ಜಮೀನಿನ ಕ್ರಯವೂ ಇಲ್ಲ. ವಿವಾಹವು ನ್ಯಾಯಾಲಯದಲ್ಲಿ ವಿಚ್ಛಿನ್ನವಾದರೆ ಆ ಗುರುತನ್ನು ರದ್ದುಪಡಿಸಬಹುದು.

೮. ಪೂರ್ವಪಕ್ಷ, ಸಿದ್ಧಾಂತ

ಇಲ್ಲಿ ಒಂದು ಆಕ್ಷೇಪವು ಬರಬಹುದು. ರಾಜ್ಯಕ್ಕೆ ತನ್ನ ಪ್ರಜೆಗಳ ಜೀವನೋಪಾಯವನ್ನು ಕಾಯುವ ಕರ್ತವ್ಯವಿಲ್ಲವೆ? ವಿವಾಹವೊಂದೇ ಸಾಕೆಂದರೆ ಕಪಟವಿವಾಹಗಳು ಹೆಚ್ಚುವುದಿಲ್ಲವೆ? ಈ ಆಕ್ಷೇಪವು ನಿರಾಧಾರವಾದುದಲ್ಲ. ಕೃತ್ರಿಮಮುದ್ರೆಗೆ ದಂಡವನ್ನು ಹೇಳಿದ ಕೌಟಿಲ್ಯನಿಗೂ ಕಪಟದ ಅರಿವು ಚೆನ್ನಾಗಿದ್ದಿತು.

ಆದರೆ ಸಮಾಧಾನವು ಹೀಗೆ. ಕಪಟವನ್ನು ಶೋಧಿಸುವುದು ಪ್ರವೇಶದ ಮತ್ತು ವಾಸದ ಕಾಲದಲ್ಲಿ ಮಾಡತಕ್ಕ ಕಾರ್ಯ. ಅದನ್ನು ಮಾಡಿ, ವಿವಾಹವು ಸತ್ಯವೆಂದು ಒಪ್ಪಿ, ವಾಸವನ್ನು ಕೊಟ್ಟಮೇಲೆ, ಅದೇ ವ್ಯಕ್ತಿಗೆ ಹೆಂಡತಿಮಕ್ಕಳನ್ನು ಸಾಕುವ ದುಡಿಮೆಯನ್ನು ತಡೆದರೆ ನಷ್ಟವು ಪರದೇಶೀಯನಿಗಷ್ಟೇ ಅಲ್ಲ. ಅವನ ಪತ್ನಿಯೂ ಮಕ್ಕಳೂ ಆ ದೇಶದ ಪ್ರಜೆಗಳೇ. ಕುಟುಂಬಭರಣವು ಗೃಹಸ್ಥನಿಗೆ ಅವಶ್ಯಕರ್ತವ್ಯವೆಂದು ಧರ್ಮಶಾಸ್ತ್ರಗಳೆಲ್ಲವೂ ಸಾರುತ್ತವ���. ಗೃಹಸ್ಥನೆಂದು ಒಪ್ಪಿ ಭರಣದ ಸಾಧನವನ್ನು ಮಾತ್ರ ನಿರಾಕರಿಸುವುದು ವದತೋವ್ಯಾಘಾತದಂತೆ ಕಾಣುತ್ತದೆ. ಭಾರತವು ಎರಡು ವರ್ಷಗಳ ನಿರೀಕ್ಷಣೆಯ ಬಳಿಕ ವಾಸವನ್ನೂ ವೃತ್ತಿಯನ್ನೂ ಒಂದೇ ಗುರುತಿನಲ್ಲಿ ಕೂಡಿಸಿರುವುದು ಈ ದೋಷಕ್ಕೆ ತಕ್ಕಮಟ್ಟಿನ ಪರಿಹಾರವಾಗಿದೆ; ಆ ಎರಡು ವರ್ಷಗಳ ಹಸಿವಿಗೆ ಮಾತ್ರ ಅದರಲ್ಲಿ ಉತ್ತರವಿಲ್ಲ.

ಹಿಂದೆ ಪರದೇಶೀಯನಿಗೆ ಸಂಘವು ಹೊಣೆಯಾಗಿದ್ದಿತು, ಅನಂತರ ಪಾಳೆಯದ ಮುಖಂಡನು ಹೊಣೆಯಾದನು, ಈಗ ಅವನ ಕೈಯ ಪತ್ರಗಳೇ ಹೊಣೆ. ಈ ಮಾರ್ಪಾಟಿನ ನಡುವೆ ಮಾರ್ಪಡದೆ ಉಳಿದುದು ಒಂದೇ, ಆಶ್ರಯ ಕೊಟ್ಟ ಗೃಹಸ್ಥನು ಬಂದವನ ಹೆಸರನ್ನು ಒಪ್ಪಿಸಬೇಕೆಂಬ ವಿಧಿ. ಕೌಟಿಲ್ಯನ ನಗರದಲ್ಲಿ ಆ ಗೃಹಸ್ಥನು ಒಪ್ಪಿಸುತ್ತಿದ್ದುದು ಬಂದುಹೋಗುವ ಅತಿಥಿಯ ಹೆಸರನ್ನು. ಥಾಯಿಲೆಂಡಿನಲ್ಲಿ ಮನೆಯೊಡತಿಯಾದ ಹೆಂಡತಿಯು ಒಪ್ಪಿಸುವುದು ತನ್ನ ಗಂಡನ ಹೆಸರನ್ನು.